ಆಮಿಶ್ ಊರಿಗೆ ಪ್ರವಾಸ: ಯಾವ ಕಾಲಕ್ಕೆ ಏನು ಮಾಡಬೇಕು, ಯಾವ ದಿನ ಹೋಗಬಾರದು

ಭಾನುವಾರ ಮಧ್ಯಾಹ್ನ ಫೋನ್ ಬರುತ್ತದೆ. "ಎಲ್ಲಾ ಬಾಗಿಲು ಹಾಕಿದೆ ಕಣ್ರೀ, ಇಲ್ಲಿ ನೋಡೋದಾದ್ರೂ ಏನು?" ನ್ಯೂಜೆರ್ಸಿಯಿಂದ ಎರಡೂವರೆ ಗಂಟೆ ಕಾರು ಓಡಿಸಿಕೊಂಡು ಆಮಿಶ್ ಊರಿಗೆ ಹೋಗಿರುತ್ತಾರೆ. ಕಾರು, ಕರೆಂಟು ಬೇಡ ಅಂತ ಕುದುರೆ ಗಾಡಿ, ಬೇಸಾಯ ಇಟ್ಟುಕೊಂಡು ಬದುಕುವ ಕ್ರೈಸ್ತ ಪಂಗಡದವರು ಈ ಆಮಿಶ್ ಜನ. ಹಿಂದಿನ ಸೀಟಿನಲ್ಲಿ ಊರಿಂದ ಬಂದ ಅಪ್ಪ ಅಮ್ಮ. ಕುದುರೆ ಗಾಡಿ, ಹೊಲ, ಸಂತೆ ಎಲ್ಲ ತೋರಿಸ್ತೀನಿ ಅಂತ ಆಸೆ ಹುಟ್ಟಿಸಿ ಕರೆದುಕೊಂಡು ಹೋಗಿದ್ದು. ಕೊನೆಗೆ ಹೈವೇ ಪಕ್ಕದ ಔಟ್‌ಲೆಟ್‌ನಲ್ಲಿ ಎರಡು ಜೊತೆ ಶೂ ಕೊಂಡು ವಾಪಸ್.

ವರ್ಷಕ್ಕೆ ನಾಲ್ಕೈದು ಸಲವಾದರೂ ಈ ಫೋನ್ ನನಗೆ ಬರುತ್ತದೆ. ತಪ್ಪು ಪ್ರತಿ ಸಲವೂ ಒಂದೇ. ಜಾಗ ಮೊದಲು ಆರಿಸುತ್ತಾರೆ, ದಿನ ಆಮೇಲೆ. ಇಲ್ಲಿ ಅದು ಉಲ್ಟಾ ಆಗಬೇಕು. ಮೊದಲು ಕಾಲ, ಆಮೇಲೆ ವಾರದ ದಿನ, ಕೊನೆಗೆ ಜಾಗ. ಅಲ್ಲಿ ಎಲ್ಲವೂ ನಡೆಯುವುದು ಹೊಲದ ಲೆಕ್ಕದಲ್ಲಿ, ದೇವರ ದಿನಗಳ ಲೆಕ್ಕದಲ್ಲಿ. ನಮ್ಮ ವೀಕೆಂಡ್ ಲೆಕ್ಕದಲ್ಲಿ ಅಲ್ಲ.

ನಾನು ಹೇಳುತ್ತಿರುವುದು ಪೆನ್ಸಿಲ್ವೇನಿಯಾದ ಲ್ಯಾಂಕಾಸ್ಟರ್ ಕೌಂಟಿಯ ಬಗ್ಗೆ. ಓಹಾಯೋದ ಹೋಮ್ಸ್ ಕೌಂಟಿ ಹತ್ತಿರ ಇರುವವರಿಗೂ ಇದರಲ್ಲಿ ಮುಕ್ಕಾಲು ಭಾಗ ಅನ್ವಯಿಸುತ್ತದೆ. ಅಂದಹಾಗೆ ಇದು ಆಮಿಶ್, ಆಮಿಷ ಅಲ್ಲ. ಫೋನಿನಲ್ಲಿ ಕೇಳಿಸಿಕೊಂಡ ನನ್ನ ಅಮ್ಮ "ಏನು ಆಮಿಷ ತೋರಿಸ್ತಾರೆ ಅಲ್ಲಿ?" ಅಂತ ಗಾಬರಿಯಾಗಿದ್ದರು.

ಹಂತ 1: ತಿಂಗಳು ತೀರ್ಮಾನಿಸಿ

"ಯಾವಾಗ ಹೋದರೆ ಚೆನ್ನಾಗಿರುತ್ತೆ?" ಅಂತ ಕೇಳಬೇಡಿ. "ನಮಗೆ ಏನು ನೋಡಬೇಕು?" ಅಂತ ಕೇಳಿಕೊಳ್ಳಿ. ತಿಂಗಳು ತಾನಾಗಿ ಸಿಗುತ್ತದೆ.

ಹರಾಜು, ಕೌದಿ, ಗೌಜು ಗದ್ದಲ ಬೇಕಾದರೆ ಫೆಬ್ರವರಿ ಕೊನೆ ಮತ್ತು ಮಾರ್ಚ್. ಹೇಸರಗತ್ತೆ ಹೂಡಿ ಉಳುವುದನ್ನು ನೋಡಬೇಕಾದರೆ ಮಾರ್ಚ್ ಕೊನೆಯಿಂದ ಏಪ್ರಿಲ್. ಸ್ಟ್ರಾಬೆರಿ ಕೀಳಲು ಮೇ ಕೊನೆಯಿಂದ ಜೂನ್ ಮಧ್ಯದವರೆಗೆ, ಅಷ್ಟೇ. ಸಿಹಿ ಜೋಳ, ಪೀಚ್, ಕರ್ಬೂಜಕ್ಕೆ ಜುಲೈ, ಆಗಸ್ಟ್. ಸೇಬು, ಕುಂಬಳ, ಮರಗಳ ಬಣ್ಣಕ್ಕೆ ಅಕ್ಟೋಬರ್. ಉಗಿಬಂಡಿ ಮತ್ತು ಬಿಸಿ ಪ್ರೆಟ್ಜೆಲ್ (ಗಂಟು ಹಾಕಿ ಸುಟ್ಟ ಬ್ರೆಡ್ಡು) ಸಾಕು ಅನ್ನುವವರಿಗೆ ಡಿಸೆಂಬರ್.

ಜನವರಿಗೆ ನಾನು ಯಾರನ್ನೂ ಕಳಿಸುವುದಿಲ್ಲ. ಹಲವು ಕಡೆ ಬಾಗಿಲು ಹಾಕಿರುತ್ತದೆ, ಹೊಲ ಖಾಲಿ, ಗಾಳಿ ಮೈ ಕೊರೆಯುತ್ತದೆ.

ಊರಿಂದ ಬಂದ ಹಿರಿಯರಲ್ಲಿ ಬೇಸಾಯ ಮಾಡಿದವರಿದ್ದರೆ ಏಪ್ರಿಲ್ ಮೂರನೇ ವಾರ ಆರಿಸಿ. ಮಂಡ್ಯ ಕಡೆಯವರಾದ ನಮ್ಮ ಮಾವನವರನ್ನು ಹಾಗೆ ಕರೆದುಕೊಂಡು ಹೋಗಿದ್ದೆ. ಒಬ್ಬ ಹುಡುಗ, ಹೆಚ್ಚೆಂದರೆ ಹದಿನೈದು ವರ್ಷ, ಆರು ಹೇಸರಗತ್ತೆಗಳನ್ನು ಒಂದೇ ಸಾಲಿಗೆ ಹೂಡಿಕೊಂಡು ನೇಗಿಲ ಮೇಲೆ ಕೂತು ಉಳುತ್ತಿದ್ದ. ಹೊಲದ ಕೊನೆ ಬಂದಾಗ ಹಗ್ಗ ಸ್ವಲ್ಪ ಎಳೆದ. ಆರೂ ಒಟ್ಟಿಗೆ ತಿರುಗಿದವು. "ಬಾರುಕೋಲು ಇಲ್ದೇನೆ ಹೆಂಗ್ ತಿರುಗಿಸ್ತಾನೆ ನೋಡವ್ವ" ಅಂತ ಮಾವ ರಸ್ತೆ ಬದಿಯಲ್ಲಿ ಅರ್ಧ ಗಂಟೆ ನಿಂತೇ ಇದ್ದರು. ಟಿಕೆಟ್ ಕೊಟ್ಟು ನೋಡಿದ ಯಾವುದೂ ಅವರಿಗೆ ಈಗ ನೆನಪಿಲ್ಲ.

ಹಂತ 2: ವಾರದ ದಿನ ಆರಿಸಿ, ರಜೆಗಳನ್ನು ತಾಳೆ ನೋಡಿ

ಭಾನುವಾರ ಬೇಡ. ಆಮಿಶ್ ಜನರ ಅಂಗಡಿ, ರಸ್ತೆ ಬದಿಯ ಹಣ್ಣಿನ ಮೇಜು, ಕೌದಿ ಮನೆ ಎಲ್ಲವೂ ಅವತ್ತು ಬಂದ್. ಅವರಿಗೆ ಚರ್ಚಿನ ಕಟ್ಟಡವೇ ಇಲ್ಲ. ಎರಡು ವಾರಕ್ಕೊಮ್ಮೆ ಸರದಿಯಂತೆ ಯಾರದಾದರೂ ಮನೆಯಲ್ಲೋ ಕೊಟ್ಟಿಗೆಯಲ್ಲೋ ಪ್ರಾರ್ಥನೆ ಸೇರುತ್ತಾರೆ. ಒಂದು ಮನೆಯ ಮುಂದೆ ಮೂವತ್ತು ಗಾಡಿ ನಿಂತಿರುವುದನ್ನು ಕಂಡು "ಓ, ಏನೋ ಜಾತ್ರೆ ಇದೆ" ಅಂತ ಒಳಗೆ ಕಾರು ತಿರುಗಿಸಬೇಡಿ. ಅದು ಪೂಜೆ ನಡೆಯುತ್ತಿರುವ ಮನೆ.

ನಾನು ಹೇಳುವ ಜೋಡಿ ಶುಕ್ರವಾರ ಮತ್ತು ಶನಿವಾರ. ಯಾಕೆಂದರೆ ಲ್ಯಾಂಕಾಸ್ಟರ್ ಪಟ್ಟಣದ ಸೆಂಟ್ರಲ್ ಮಾರ್ಕೆಟ್ ತೆರೆಯುವುದು ಮಂಗಳವಾರ, ಶುಕ್ರವಾರ, ಶನಿವಾರ ಮಾತ್ರ. ಎಫ್ರಾಟಾದ ಗ್ರೀನ್ ಡ್ರ್ಯಾಗನ್ ಸಂತೆ ಶುಕ್ರವಾರ ಮಾತ್ರ. ಒಂದು ದಿನ ರಜೆ ಹಾಕಿದರೆ ಎರಡೂ ಸಿಗುತ್ತವೆ. ಶುಕ್ರವಾರ ಆಗುವುದೇ ಇಲ್ಲ ಅನ್ನುವವರು ಮಂಗಳವಾರ ನೋಡಿ. ಅವತ್ತು ಮ್ಯಾನ್‌ಹೈಮ್ ಹತ್ತಿರ ರೂಟ್ಸ್ ಅನ್ನುವ ಇನ್ನೊಂದು ಸಂತೆ ಇರುತ್ತದೆ.

ಇನ್ನು ರಜೆಗಳು. ಇವು ನಮ್ಮ ಆಫೀಸಿನ ಕ್ಯಾಲೆಂಡರಿನಲ್ಲಿ ಇರುವುದೇ ಇಲ್ಲ, ಅದೇ ತೊಂದರೆ. ಈಸ್ಟರ್ ಮರುದಿನದ ಸೋಮವಾರ. ಈಸ್ಟರ್ ಆಗಿ 40ನೇ ದಿನ ಬರುವ ಅಸೆನ್ಷನ್ ಗುರುವಾರ. ಅದಾಗಿ ಹತ್ತು ದಿನಕ್ಕೆ ಪೆಂಟೆಕಾಸ್ಟ್ ಭಾನುವಾರ, ಅದರ ಮರುದಿನದ ಸೋಮವಾರವೂ ರಜೆ. ಅಕ್ಟೋಬರ್ 11 ಉಪವಾಸದ ದಿನ. ಡಿಸೆಂಬರ್ 26 ಎರಡನೇ ಕ್ರಿಸ್‌ಮಸ್, ಜನವರಿ 6 ಹಳೆ ಕ್ರಿಸ್‌ಮಸ್. ಈ ದಿನಗಳಲ್ಲಿ ಆಮಿಶ್ ಅಂಗಡಿಗಳ ಬಾಗಿಲು ತಟ್ಟಿ ಪ್ರಯೋಜನವಿಲ್ಲ. ಅಕ್ಟೋಬರ್ 11 ಕೆಲವು ವರ್ಷ ಸರಿಯಾಗಿ ಕೊಲಂಬಸ್ ಡೇ ಲಾಂಗ್ ವೀಕೆಂಡಿಗೇ ಬಂದು ಕೂರುತ್ತದೆ. ಬಣ್ಣದ ಎಲೆ ನೋಡಲು ಹೊರಟವರು ಅಲ್ಲೇ ಎಡವುವುದು.

ಭಾನುವಾರ ಬಿಟ್ಟು ಬೇರೆ ದಿನವೇ ಇಲ್ಲ ಅನ್ನುವ ಸ್ಥಿತಿ ಇದ್ದರೆ ಅವತ್ತು ಮುಕ್ಕಾಲು ಗಂಟೆ ದೂರದ ಹರ್ಷೆಗೆ ಹೋಗಿ. ಅಲ್ಲಿನ ಚಾಕೊಲೇಟ್ ವರ್ಲ್ಡ್‌ಗೆ ಭಾನುವಾರದ ಹಂಗಿಲ್ಲ. ಆದರೆ ಹರ್ಷೆ ಮತ್ತು ಆಮಿಶ್ ಊರು ಎರಡನ್ನೂ ಒಂದೇ ದಿನಕ್ಕೆ ತುರುಕಬೇಡಿ. ಎರಡೂ ಕೆಡುತ್ತವೆ.

ಹಂತ 3: ಉಳಿಯುವ ಜಾಗ

ರೂಟ್ 30 ಮೇಲೆ ಸಾಲು ಸಾಲು ಹೋಟೆಲ್ ಸಿಗುತ್ತವೆ. ಅಗ್ಗ, ಹೌದು. ಆದರೆ ಅದು ಔಟ್‌ಲೆಟ್ ಮಾಲ್‌ಗಳ ರಸ್ತೆ. ಶನಿವಾರ ಮಧ್ಯಾಹ್ನ ಸಿಲ್ಕ್ ಬೋರ್ಡ್ ನೆನಪಾಗುತ್ತದೆ. ಬರ್ಡ್-ಇನ್-ಹ್ಯಾಂಡ್, ಸ್ಟ್ರಾಸ್‌ಬರ್ಗ್ ಅಥವಾ ಲಿಟಿಟ್ಸ್ ಕಡೆ ಉಳಿಯಿರಿ. ಬೆಳಗ್ಗೆ ಆರಕ್ಕೆ ಕಿಟಕಿ ತೆರೆದರೆ ಗೊರಸಿನ ಸದ್ದು ಕೇಳಬೇಕು, ಟ್ರಕ್ಕಿನದ್ದಲ್ಲ.

ಮಕ್ಕಳಿದ್ದರೆ ಹೊಲದ ಮನೆಯಲ್ಲಿ ಉಳಿಯುವುದು ಒಳ್ಳೆಯದು. ಇಂಥವನ್ನು ನಡೆಸುವವರಲ್ಲಿ ಮೆನೊನೈಟ್ ಕುಟುಂಬಗಳು ಜಾಸ್ತಿ. ಅವರು ಆಮಿಶ್ ಜನರ ದಾಯಾದಿಗಳ ಹಾಗೆ, ಆದರೆ ಅವರಲ್ಲಿ ಹೆಚ್ಚಿನವರು ಕಾರು, ಕರೆಂಟು ಎರಡನ್ನೂ ಬಳಸುತ್ತಾರೆ. ಹಾಲು ಕರೆಯುವುದು ಬೆಳಗ್ಗೆ ಐದರ ಆಸುಪಾಸು, ಮತ್ತೆ ಸಂಜೆ ಐದರ ಆಸುಪಾಸು. ನೋಡಬಹುದಾ ಅಂತ ಬುಕಿಂಗ್ ಮಾಡುವಾಗಲೇ ಕೇಳಿಡಿ. ಅಕ್ಟೋಬರ್ ಶನಿವಾರಗಳಿಗೆ ಬೇಸಿಗೆಯಲ್ಲೇ ಬುಕ್ ಮಾಡಬೇಕು.

ಹಂತ 4: ಕಾರಿಗೆ ಏನೇನು ಹಾಕಬೇಕು

ನಗದು. ಇದು ಎಲ್ಲಕ್ಕಿಂತ ಮುಖ್ಯ. 1, 5, 10 ಡಾಲರಿನ ನೋಟುಗಳೇ ಬೇಕು. ರಸ್ತೆ ಬದಿಯ ಎಷ್ಟೋ ಮೇಜುಗಳಲ್ಲಿ ಮನುಷ್ಯರೇ ಇರುವುದಿಲ್ಲ. ಟೊಮೆಟೊ ಬುಟ್ಟಿ, ಬೆಲೆ ಬರೆದ ರಟ್ಟು, ಮುಚ್ಚಳದಲ್ಲಿ ಸೀಳು ಇರುವ ಒಂದು ಡಬ್ಬಿ. ಮೂರು ಡಾಲರಿನ ಟೊಮೆಟೊಗೆ ಇಪ್ಪತ್ತರ ನೋಟು ಹಾಕಿ ಚಿಲ್ಲರೆ ಯಾರನ್ನು ಕೇಳುತ್ತೀರಿ?

ಐಸ್ ತುಂಬಿದ ಕೂಲರ್ ಒಂದು. ಎರಡು ದೊಡ್ಡ ಕಸದ ಚೀಲ, ಕೆಸರು ಶೂ ಹಾಕಲು. ಇನ್ನೊಂದು ಜೊತೆ ಚಪ್ಪಲಿ. ಕೌದಿ ಕೊಳ್ಳುವ ಯೋಚನೆ ಇದ್ದರೆ ಅಳತೆ ಟೇಪು ಮತ್ತು ನಿಮ್ಮ ಮಂಚದ ಅಳತೆ. ಬೇಸಿಗೆಯಲ್ಲಿ ಉಣ್ಣಿ (ಟಿಕ್) ಕಚ್ಚದ ಹಾಗೆ ಹಚ್ಚಿಕೊಳ್ಳುವ ಸ್ಪ್ರೇ. ಎತ್ತರದ ಹುಲ್ಲಿನಲ್ಲಿ ಓಡಾಡಿದ ಮಕ್ಕಳ ಕಾಲು, ಕಿವಿ ಹಿಂದೆ ರಾತ್ರಿ ತಪ್ಪದೆ ನೋಡಿ. ಉಣ್ಣಿ ಕಚ್ಚಿ ಬರುವ ಲೈಮ್ ಕಾಯಿಲೆ ಈ ಭಾಗದಲ್ಲಿ ಇದೆ.

ಊಟದ ಡಬ್ಬಿಯ ವಿಷಯ ಹಂತ 10ರಲ್ಲಿ.

ಹಂತ 5: ರಸ್ತೆಯಲ್ಲಿ ಕುದುರೆ ಇದೆ ಅಂತ ನೆನಪಿಟ್ಟು ಓಡಿಸಿ

ಟರ್ನ್‌ಪೈಕ್ ಅನ್ನುವ ಟೋಲ್ ಹೆದ್ದಾರಿ ಇಳಿದ ಮೇಲೆ ಫೋನಿನ ಮ್ಯಾಪ್‌ನಲ್ಲಿ "ಹೈವೇ ಬೇಡ" ಅನ್ನುವ ಆಯ್ಕೆ ಒತ್ತಿ. ರೂಟ್ 340 ಮತ್ತು ರೂಟ್ 741ರಿಂದ ಒಡೆಯುವ ಸಣ್ಣ ರಸ್ತೆಗಳಲ್ಲೇ ನಿಜವಾದ ಊರು ಇರುವುದು.

ಈಗ ಒಂದು ಲೆಕ್ಕ. ಗಾಡಿಯ ವೇಗ ಗಂಟೆಗೆ ಸುಮಾರು 8 ಮೈಲಿ. ನೀವು 45ರಲ್ಲಿ ಬರುತ್ತಿದ್ದೀರಿ. 500 ಅಡಿ ಮುಂದೆ ಕಂಡ ಗಾಡಿಯ ಬೆನ್ನಿಗೆ ನೀವು 9 ಸೆಕೆಂಡಿನಲ್ಲಿ ಬಂದು ಮುಟ್ಟುತ್ತೀರಿ. ದಿಬ್ಬದ ಆಚೆ ಬದಿಯಲ್ಲಿದ್ದರೆ ಆ 9 ಸೆಕೆಂಡೂ ಇಲ್ಲ. ಅದಕ್ಕೇ ಪ್ರತಿ ದಿಬ್ಬಕ್ಕೂ ಕಾಲು ಬ್ರೇಕ್ ಮೇಲೆ ಇರಲಿ.

ಹಿಂದೆ ಹಾಕುವಾಗ ಹಾರ್ನ್ ಮಾಡಬೇಡಿ. ನಮ್ಮೂರಿನ ಅಭ್ಯಾಸ ಇದು, ಇಲ್ಲಿ ಬಂದು ಹತ್ತು ವರ್ಷವಾದರೂ ಕೈ ಹೋಗುತ್ತದೆ. ಕುದುರೆ ಬೆದರಿದರೆ ಗಾಡಿಯಲ್ಲಿ ಕೂತಿರುವ ಕೂಸು ಕುನ್ನಿಗಳಿಗೆ ಸೀಟ್‌ಬೆಲ್ಟ್ ಇಲ್ಲ. ಮುಂದೆ ರಸ್ತೆ ಪೂರ್ತಿ ಕಂಡಾಗ ಮಾತ್ರ ಅಗಲವಾಗಿ ಬಳಸಿಕೊಂಡು ಹೋಗಿ. ಕುದುರೆಯ ಮುಖದ ಮುಂದೆ ತಕ್ಷಣ ಒಳಗೆ ನುಗ್ಗಬೇಡಿ.

ಜುಲೈಯಿಂದ ಅಕ್ಟೋಬರ್‌ವರೆಗೆ ಇನ್ನೊಂದು ಅಪಾಯ. ಜೋಳ ಆಳೆತ್ತರ ಮೀರಿ ಬೆಳೆದಿರುತ್ತದೆ. ನಾಲ್ಕು ರಸ್ತೆ ಕೂಡುವಲ್ಲಿ ಅಡ್ಡ ಬರುವುದು ಏನೂ ಕಾಣುವುದಿಲ್ಲ. ನಿಂತು, ಮೂತಿ ತೂರಿಸಿ, ಮತ್ತೆ ನಿಂತು ಹೋಗಿ. ನವೆಂಬರ್ ಮೊದಲ ಭಾನುವಾರ ಗಡಿಯಾರ ಹಿಂದಕ್ಕೆ ಹೋದ ಮೇಲೆ ಸಂಜೆ ಐದಕ್ಕೇ ಕತ್ತಲು. ಆ ಹೊತ್ತಿಗೆ ಸಣ್ಣ ರಸ್ತೆ ಬಿಟ್ಟು ದೊಡ್ಡ ರಸ್ತೆಗೆ ಬಂದುಬಿಡಿ.

ಅಂಗಡಿ ಮುಂದೆ ಉದ್ದಕ್ಕೆ ಒಂದು ಅಡ್ಡಕಂಬ ಇದ್ದರೆ ಅಲ್ಲಿ ಕಾರು ನಿಲ್ಲಿಸಬೇಡಿ. ಅದು ಕುದುರೆ ಕಟ್ಟುವ ಜಾಗ.

ಹಂತ 6: ಫೆಬ್ರವರಿ ಕೊನೆಯಿಂದ ಏಪ್ರಿಲ್: ಕೆಸರಿನ ಹರಾಜು

ಇದನ್ನು ಅಲ್ಲಿ ಮಡ್ ಸೇಲ್ ಅನ್ನುತ್ತಾರೆ. ಮಾರುವುದು ಕೆಸರನ್ನಲ್ಲ. ಹಿಮ ಕರಗಿ ಮೈದಾನವೆಲ್ಲ ರಾಡಿಯಾಗುವ ಸಮಯದಲ್ಲಿ ನಡೆಯುತ್ತದೆ ಅಂತ ಆ ಹೆಸರು. ದುಡ್ಡು ಹೋಗುವುದು ಆಯಾ ಊರಿನ ಸ್ವಯಂಸೇವಕ ಅಗ್ನಿಶಾಮಕ ದಳಕ್ಕೆ. ಗಾರ್ಡನ್‌ವಿಲ್‌ನ ಹರಾಜು ಮಾರ್ಚ್ ಎರಡನೇ ಶನಿವಾರ. ನಾನು ಕಂಡ ಮಟ್ಟಿಗೆ ವರ್ಷದಲ್ಲಿ ಒಂದೇ ಸಲ ಹೋಗುವುದಾದರೆ ಇದಕ್ಕೇ ಹೋಗಬೇಕು. ಇಲ್ಲಿ ನೀವು ನೋಡುಗರಲ್ಲ, ಗುಂಪಿನಲ್ಲಿ ಒಬ್ಬರು. ಕೌದಿ, ಗಾಡಿ, ಕುದುರೆ, ಹಳೆ ನೇಗಿಲು, ಕುರ್ಚಿ, ಎಲ್ಲವೂ ಒಂದೇ ಮೈದಾನದಲ್ಲಿ, ಐದಾರು ಕಡೆ ಒಟ್ಟೊಟ್ಟಿಗೆ ಕೂಗುತ್ತಿರುತ್ತಾರೆ.

ಕ್ರಮ ಹೀಗಿರಲಿ.

ಮೊದಲು, ಬೆಳಗ್ಗೆ ಎಂಟಕ್ಕೆ ಮುಂಚೆ ಮುಟ್ಟಿ. ಹೊಲದಲ್ಲೇ ಪಾರ್ಕಿಂಗ್. ಇಳಿಜಾರಿನ ತಳದಲ್ಲಿ ನಿಲ್ಲಿಸಬೇಡಿ, ಮಧ್ಯಾಹ್ನದ ಹೊತ್ತಿಗೆ ಚಕ್ರ ಹೂತಿರುತ್ತದೆ. ಮೊಣಕಾಲುದ್ದದ ರಬ್ಬರ್ ಬೂಟು ಬೇಕೇ ಬೇಕು.

ಎರಡನೆಯದು, ಡ್ರೈವಿಂಗ್ ಲೈಸೆನ್ಸ್ ತೋರಿಸಿ ಸಂಖ್ಯೆ ಬರೆದ ಚೀಟಿ ತೆಗೆದುಕೊಳ್ಳಿ. ಕೂಗುವಾಗ ಎತ್ತಿ ತೋರಿಸಬೇಕಾದ್ದು ಅದನ್ನೇ. ಕೊಳ್ಳುವ ಯೋಚನೆ ಇಲ್ಲದಿದ್ದರೂ ತೆಗೆದುಕೊಂಡಿರಿ, ಮನಸ್ಸು ಬದಲಾಗುತ್ತದೆ.

ಮೂರನೆಯದು, ಕೂಗುವ ಮೊದಲೇ ಸಾಮಾನನ್ನು ಕೈಯಲ್ಲಿ ಮುಟ್ಟಿ ನೋಡಿ. ಕೌದಿಯನ್ನು ತಿರುಗಿಸಿ ಹಿಂಭಾಗ ನೋಡಬೇಕು. ಕೈ ಹೊಲಿಗೆಯಾದರೆ ಸಣ್ಣ ಸಣ್ಣ ಗೆರೆ, ಮಧ್ಯೆ ಮಧ್ಯೆ ಬಿಡುವು, ಒಂದಕ್ಕೊಂದು ಕೂದಲೆಳೆಯಷ್ಟು ವ್ಯತ್ಯಾಸ. ಮೆಷಿನ್ನಿನದಾದರೆ ಬಿಡುವೇ ಇಲ್ಲದ ಒಂದೇ ಗೆರೆ. ನಮ್ಮ ಹುಬ್ಬಳ್ಳಿ ಕಡೆ ಅಜ್ಜಿಯರ ಕೌದಿ ನೋಡಿದವರಿಗೆ ಇದು ಒಂದೇ ನೋಟಕ್ಕೆ ಗೊತ್ತಾಗುತ್ತದೆ. ಒಂದು ಇಂಚಿಗೆ ಎಂಟು, ಹತ್ತು ಹೊಲಿಗೆ ಇದ್ದರೆ ಒಳ್ಳೆಯ ಕೆಲಸ. ಅಂಚು ಬಿಚ್ಚಿದೆಯಾ, ಮೂಸಿದರೆ ಮುಗ್ಗಲು ವಾಸನೆ ಬರುತ್ತದಾ, ಅದೂ ನೋಡಿ.

ನಾಲ್ಕನೆಯದು, ಗರಿಷ್ಠ ಬೆಲೆ ಅಂಗೈ ಮೇಲೆ ಬರೆದುಕೊಳ್ಳಿ. ತಮಾಷೆಗೆ ಹೇಳುತ್ತಿಲ್ಲ. ದೊಡ್ಡ ಮಂಚದ ಕೈ ಹೊಲಿಗೆ ಕೌದಿ ಅಂಗಡಿಯಲ್ಲಿ ಸಾವಿರ ಡಾಲರ್ ದಾಟುವುದು ಸಾಮಾನ್ಯ. ಹರಾಜಿನಲ್ಲಿ ಕಡಿಮೆಗೆ ಸಿಗಬಹುದು, ಪಕ್ಕದವರ ಹಟಕ್ಕೆ ಬಿದ್ದರೆ ಜಾಸ್ತಿಯೂ ಆಗಬಹುದು.

ಐದನೆಯದು, ನಾನು ದುಡ್ಡು ಕಳೆದುಕೊಂಡು ಕಲಿತದ್ದು. ನಾಲ್ಕು ಕುರ್ಚಿ ಇದ್ದವು. 20 ಡಾಲರಿಗೆ ಕೂಗಿದೆ, ನನಗೇ ಬಂತು. ಖುಷಿಯಾಗಿ ದುಡ್ಡು ಕಟ್ಟಲು ಹೋದರೆ ಬಿಲ್ 80. ಒಂದೇ ಥರದ ಹಲವು ಸಾಮಾನು ಇದ್ದಾಗ ಕೂಗು ಒಂದಕ್ಕೆ, ಕೊಳ್ಳಬೇಕಾದ್ದು ಎಲ್ಲವನ್ನೂ. "ಟೈಮ್ಸ್ ದ ಮನಿ" ಅಂತ ಹರಾಜುಗಾರ ಹೇಳಿದ್ದ, ನನ್ನ ಕಿವಿಗೆ ಬಿದ್ದಿರಲಿಲ್ಲ. ಅವನ ವೇಗಕ್ಕೆ ಯಾರ ಕಿವಿಗೂ ಬೀಳುವುದಿಲ್ಲ. ಅದಕ್ಕೇ ಮೊದಲ ಅರ್ಧ ಗಂಟೆ ಸುಮ್ನೆ ನಿಂತು ಕೇಳಿ. ಸಂಖ್ಯೆಗಳ ಮಧ್ಯೆ ಅವನು ಸೇರಿಸುವ ಅರ್ಥವಿಲ್ಲದ ಪದಗಳು ಯಾವುವು ಅಂತ ಗೊತ್ತಾದ ಮೇಲೆ ಕೈ ಎತ್ತಿ.

ಕೊಂಡ ಸಾಮಾನನ್ನು ಯಾರೂ ಕಾಯುವುದಿಲ್ಲ. ತಕ್ಷಣ ಕಾರಿಗೆ ಸಾಗಿಸಿ.

ಮಾರ್ಚ್, ಏಪ್ರಿಲ್‌ನಲ್ಲಿ ಹೊಲಕ್ಕೆ ಗೊಬ್ಬರ ಚೆಲ್ಲುತ್ತಾರೆ. ವಾಸನೆ ಇರುತ್ತದೆ. ಕಾರಿನ ಗಾಳಿ ಒಳಗೇ ಸುತ್ತುವ ಹಾಗೆ ಗುಂಡಿ ಒತ್ತಿಕೊಳ್ಳಿ, ಮುಗಿಯಿತು. ಮಾವನವರಿಗೆ ಅದೂ ಇಷ್ಟವಾಯಿತು ಅನ್ನುವುದು ಬೇರೆ ಮಾತು.

ಹಂತ 7: ಮೇ ಕೊನೆಯಿಂದ ಆಗಸ್ಟ್: ಹಣ್ಣು, ಜೋಳ, ಗಾಡಿ ಸವಾರಿ

ಸ್ಟ್ರಾಬೆರಿ ಕೀಳಲು ಬೆಳಗ್ಗೆ ಎಂಟಕ್ಕೇ ಹೋಗಿ. ಮಳೆಯ ಮರುದಿನ ಬೇಡ, ಹಣ್ಣು ನೀರು ಕುಡಿದು ಸಪ್ಪೆಯಾಗಿರುತ್ತದೆ. ತೊಟ್ಟಿನ ಸಮೇತ ಕಿತ್ತು, ಅಗಲ ಪಾತ್ರೆಯಲ್ಲಿ ಎರಡೇ ಪದರ ಹಾಕಿ. ಮನೆಗೆ ಬಂದು ತಿನ್ನುವ ಹೊತ್ತಿಗೆ ಮಾತ್ರ ತೊಳೆಯಿರಿ.

ಜುಲೈಯಲ್ಲಿ ರಸ್ತೆ ಬದಿಯ ಮೇಜುಗಳು ತುಂಬುತ್ತವೆ. ನಿಜವಾದ ಆಮಿಶ್ ಮೇಜನ್ನು ಗುರುತಿಸುವುದು ಸುಲಭ. ಕೈಬರಹದ ಬೋರ್ಡು, ಕೆಳಗೆ "ಭಾನುವಾರ ಮಾರಾಟವಿಲ್ಲ" ಅನ್ನುವ ಸಾಲು, ಮನೆಗೆ ಕರೆಂಟಿನ ತಂತಿ ಇಲ್ಲ, ಹಗ್ಗದ ಮೇಲೆ ಕಡು ಬಣ್ಣದ ಒಂದೇ ಥರದ ಬಟ್ಟೆ. ದೊಡ್ಡ ಬಣ್ಣದ ಬೋರ್ಡಿನಲ್ಲಿ "ಆಮಿಶ್" ಅಂತ ಬರೆದು ಭಾನುವಾರವೂ ತೆರೆದಿದ್ದರೆ ಅದು ಆಮಿಶ್ ಜನರದ್ದಲ್ಲ. ಅಲ್ಲಿ ಕೊಳ್ಳಬಾರದು ಅಂತಲ್ಲ, ಗೊತ್ತಿದ್ದು ಕೊಳ್ಳಿ.

ಮನೆಯಲ್ಲಿ ಮಾಡಿದ ರೂಟ್ ಬಿಯರ್ ಬಾಟಲಿ ಅಲ್ಲಿ ಸಿಗುತ್ತದೆ. ಹೆಸರು ಬಿಯರ್, ಮಕ್ಕಳು ಕುಡಿಯುವ ಪಾನೀಯ. ಯೀಸ್ಟ್ ಹಾಕಿ ನೊರೆ ಬರಿಸಿರುತ್ತಾರೆ. ಬಿಸಿಲಿನ ಕಾರಿನಲ್ಲಿ ಬಿಟ್ಟು ಹೋದರೆ ಬಾಟಲಿ ಉಬ್ಬಿ ಸಿಡಿಯುತ್ತದೆ. ಕೂಲರ್ ಇರುವುದು ಇದಕ್ಕೇ. ಹಸಿ ಹಾಲು ಕೊಂಡರೆ ಕಾಯಿಸಿಯೇ ಕುಡಿಯಿರಿ. ನಮ್ಮವರಿಗೆ ಇದನ್ನು ಹೇಳಬೇಕಾಗಿಲ್ಲ, ಆದರೂ.

ಗಾಡಿ ಸವಾರಿಗೆ ಟಿಕೆಟ್ ಕೊಳ್ಳುವ ಮೊದಲು ಎರಡು ಪ್ರಶ್ನೆ ಕೇಳಿ. ಹೊಲದ ದಾರಿಯಲ್ಲಿ ಹೋಗುತ್ತೀರೋ, ದೊಡ್ಡ ರಸ್ತೆಯಲ್ಲೋ? ಓಡಿಸುವವರು ಆಮಿಶ್ ಜನರೋ, ಬೇರೆಯವರೋ? ಹತ್ತು ನಿಮಿಷ ಕಾರುಗಳ ಹೊಗೆ ಕುಡಿದು ಬರುವ ಸವಾರಿಗಿಂತ ದುಡ್ಡು ಸ್ವಲ್ಪ ಜಾಸ್ತಿ ಕೊಟ್ಟು ಹೊಲದೊಳಗೆ ಹೋಗುವುದು ಮೇಲು. ಗಾಡಿಯ ಮೆಟ್ಟಿಲು ಎತ್ತರ. ಮಂಡಿ ನೋವಿರುವ ಹಿರಿಯರಿದ್ದರೆ ಹತ್ತಲು ಸ್ಟೂಲು ಇದೆಯಾ ಅಂತ ಕೇಳಿ.

ಹಂತ 8: ಸೆಪ್ಟೆಂಬರ್‌ನಿಂದ ನವೆಂಬರ್: ಸುಗ್ಗಿ

ಜನ ಜಾಸ್ತಿ ಬರುವುದು ಈಗ. ಎಲೆಗಳ ಬಣ್ಣ ಅಕ್ಟೋಬರ್ ಮಧ್ಯದಿಂದ ಕೊನೆಯವರೆಗೆ ಚೆನ್ನಾಗಿರುತ್ತದೆ. ಶನಿವಾರದ ಕ್ರಮ ಹೀಗೆ ಇಟ್ಟುಕೊಳ್ಳಿ. ಬೆಳಗ್ಗೆ ಏಳಕ್ಕೆ ಸೆಂಟ್ರಲ್ ಮಾರ್ಕೆಟ್, ಅದು ಆರಕ್ಕೇ ತೆರೆಯುತ್ತದೆ, ಒಂಬತ್ತರ ಮೇಲೆ ಕಾಲಿಡಲು ಜಾಗವಿರುವುದಿಲ್ಲ. ಹತ್ತಕ್ಕೆ ಸ್ಟ್ರಾಸ್‌ಬರ್ಗ್ ಉಗಿಬಂಡಿ. ಪ್ಯಾರಡೈಸ್ ಅನ್ನುವ ಊರಿನವರೆಗೆ ಹೋಗಿ ವಾಪಸ್ ಬರಲು ಮುಕ್ಕಾಲು ಗಂಟೆ. ಎರಡೂ ಕಡೆ ಆಮಿಶ್ ಹೊಲ. ಕಾರಿನಿಂದ ನೋಡಿದ್ದಕ್ಕಿಂತ ಚೆನ್ನಾಗಿ ಕಾಣುತ್ತದೆ. ಟಿಕೆಟ್ ಮೊದಲೇ ತೆಗೆದಿಡಿ. ಮಧ್ಯಾಹ್ನ ರಾಂಕ್ಸ್ ಹತ್ತಿರದ ಚೆರ್ರಿ ಕ್ರೆಸ್ಟ್ ಹೊಲದಲ್ಲಿ ಜೋಳದ ಚಕ್ರವ್ಯೂಹ. ಒಳಗೆ ಹೊಕ್ಕರೆ ಒಂದು ಗಂಟೆ ಗ್ಯಾರಂಟಿ. ಒಳಗೆ ಹೋಗುವ ಮುಂಚೆ ಮಕ್ಕಳನ್ನು ಟಾಯ್ಲೆಟ್‌ಗೆ ಕಳಿಸಿ. ಅಭಿಮನ್ಯುವಿಗೆ ಈ ಸಮಸ್ಯೆ ಇರಲಿಲ್ಲ.

ಮದುವೆ ಸೀಸನ್ ಕೂಡ ಇದೇ. ಸುಗ್ಗಿ ಮುಗಿದ ಮೇಲೆ, ಹೆಚ್ಚಾಗಿ ನವೆಂಬರ್‌ನ ಮಂಗಳವಾರ ಮತ್ತು ಗುರುವಾರಗಳಲ್ಲಿ ಮದುವೆ. ಮನೆಯ ಹಿತ್ತಲಲ್ಲಿ ಬೇಕಾದ್ದಕ್ಕಿಂತ ಜಾಸ್ತಿ ಸೆಲರಿ ಸಾಲುಗಳು ಕಂಡರೆ ಆ ಮನೆಯಲ್ಲಿ ಮದುವೆ ಇದೆ ಅಂತ ಅರ್ಥ. ನೂರಾರು ಜನರ ಮದುವೆ ಊಟಕ್ಕೆ ಸೆಲರಿ ಬೇಕೇ ಬೇಕು. ಈ ಎರಡು ದಿನಗಳಂದು ಕೆಲವು ಅಂಗಡಿ ದಿಢೀರ್ ಮುಚ್ಚಿರುತ್ತವೆ. ಬೇಸರ ಬೇಡ, ಅಂಗಡಿಯವರು ಯಾರದೋ ಮದುವೆಯಲ್ಲಿ ಬಡಿಸುತ್ತಿರುತ್ತಾರೆ.

ಹಂತ 9: ಡಿಸೆಂಬರ್

ಬೇಗ ಮುಗಿಸುತ್ತೇನೆ. ಲಿಟಿಟ್ಸ್‌ನಲ್ಲಿ 1861ರಿಂದ ಇರುವ ಜೂಲಿಯಸ್ ಸ್ಟರ್ಜಿಸ್ ಪ್ರೆಟ್ಜೆಲ್ ಬೇಕರಿಯಲ್ಲಿ ಹಿಟ್ಟು ಹೊಸೆದು ಗಂಟು ಹಾಕುವುದನ್ನು ಮಕ್ಕಳಿಗೆ ಕಲಿಸುತ್ತಾರೆ. ಚಕ್ಕುಲಿ ಸುತ್ತಿ ಅಭ್ಯಾಸವಿರುವ ಅಮ್ಮಂದಿರು ಮೊದಲ ಸಲಕ್ಕೇ ಗೆಲ್ಲುತ್ತಾರೆ. ಉಗಿಬಂಡಿಯಲ್ಲಿ ಸಾಂಟಾ ಬರುವ ವಿಶೇಷ ಓಟಗಳಿರುತ್ತವೆ. ಎದುರಿಗೇ ಪೆನ್ಸಿಲ್ವೇನಿಯಾ ರೈಲು ಮ್ಯೂಸಿಯಂ, ಮಳೆ ಹಿಮ ಯಾವುದಕ್ಕೂ ಆಗುತ್ತದೆ. ಹಿಮ ಬಿದ್ದ ಮರುದಿನ ಸಣ್ಣ ರಸ್ತೆಗೆ ಹೋಗಬೇಡಿ.

ಹಂತ 10: ಊಟ, ಅದರಲ್ಲೂ ಸಸ್ಯಾಹಾರಿಗಳಿಗೆ

ನಮ್ಮವರು ಎಡವುವ ಎರಡನೇ ದೊಡ್ಡ ಕಡೆ ಇದು. ಹಣ್ಣಿನ ಪೈ ತಾನೇ, ವೆಜ್ ಅಲ್ವಾ ಅಂದುಕೊಳ್ಳುತ್ತಾರೆ. ಪೈಯ ಹೊರಪದರಕ್ಕೆ ಲಾರ್ಡ್, ಅಂದರೆ ಹಂದಿ ಕೊಬ್ಬು, ಹಾಕುವುದು ಹಳೆಯ ಪದ್ಧತಿ. "ಲಾರ್ಡ್ ಹಾಕಿದ್ದೀರಾ?" ಅಂತ ನೇರವಾಗಿ ಕೇಳಿ. ಅವರು ಮುಚ್ಚಿಡುವುದಿಲ್ಲ. ಬೆಣ್ಣೆಯ ನೂಡಲ್ಸ್ ಅನ್ನು ಕೋಳಿ ಸಾರಿನಲ್ಲಿ ಬೇಯಿಸಿರಬಹುದು, ಹುರುಳಿಕಾಯಿ ಪಲ್ಯದಲ್ಲಿ ಹಂದಿ ಮಾಂಸದ ಚೂರು ಇರಬಹುದು. ಬಣ್ಣ ಬಣ್ಣದ ಜೆಲ್ಲಿ ಸಲಾಡಿನಲ್ಲಿ ಜೆಲಾಟಿನ್, ಅಂದರೆ ಪ್ರಾಣಿಗಳ ಮೂಳೆ, ಚರ್ಮದಿಂದ ತೆಗೆದ ಅಂಟು. ಗಾಜಿನ ಜಾಡಿಯಲ್ಲಿ ಬೀಟ್‌ರೂಟ್ ಉಪ್ಪಿನಕಾಯಿಯ ಮಧ್ಯೆ ದುಂಡಗೆ ನೇರಳೆ ಬಣ್ಣದ್ದು ಕಂಡರೆ ಅದು ಬೀಟ್‌ರೂಟ್ ಅಲ್ಲ, ಮೊಟ್ಟೆ.

ಸಾಮಾನ್ಯವಾಗಿ ಧೈರ್ಯವಾಗಿ ತಿನ್ನಬಹುದಾದ್ದು: ಬಿಸಿ ಪ್ರೆಟ್ಜೆಲ್, ಬೇಯಿಸಿದ ಜೋಳ, ಚೌ ಚೌ ಅನ್ನುವ ಸಿಹಿ ಹುಳಿ ತರಕಾರಿ ಉಪ್ಪಿನಕಾಯಿ, ಆಪಲ್ ಬಟರ್. ಈ ಆಪಲ್ ಬಟರ್‌ನಲ್ಲಿ ಬೆಣ್ಣೆ ಇಲ್ಲ, ಸೇಬನ್ನು ಗಂಟೆಗಟ್ಟಲೆ ಕಾಯಿಸಿ ಕಪ್ಪಗೆ ಮಾಡಿದ ಗೊಜ್ಜು. ದೋಸೆಗೆ ಹಚ್ಚಿ ನೋಡಿ. ಮೊಟ್ಟೆ ತಿನ್ನುವವರು, ಲಾರ್ಡ್ ಇಲ್ಲದ್ದು ಸಿಕ್ಕರೆ, ಕಾಕಂಬಿ ಹಾಕಿ ಮಾಡುವ ಶೂಫ್ಲೈ ಪೈ ಬಿಡಬೇಡಿ. ಮಲೆನಾಡಿನವರಿಗೆ ಜೋನಿ ಬೆಲ್ಲದ ನೆನಪು ಬರುತ್ತದೆ.

ಸಂಜೆ ಊಟಕ್ಕೆ ಆರಕ್ಕೇ ಕೂತುಬಿಡಿ. ನಮ್ಮ ಹಾಗೆ ಒಂಬತ್ತಕ್ಕೆ ಹೋದರೆ ಹಳ್ಳಿ ಕಡೆ ಕುರ್ಚಿ ಮೇಜಿನ ಮೇಲೇರಿರುತ್ತದೆ. ಹಿರಿಯರಿದ್ದರೆ ಪುಳಿಯೋಗರೆ, ಮೊಸರನ್ನ ಕಟ್ಟಿಕೊಂಡೇ ಹೋಗಿ. ಲ್ಯಾಂಕಾಸ್ಟರ್ ಪಟ್ಟಣದೊಳಗೆ ಭಾರತೀಯ ಹೋಟೆಲ್ ಸಿಗುತ್ತವೆ, ಹೊಲದ ನಡುವೆ ಸಿಗುವುದಿಲ್ಲ.

ಹಂತ 11: ಕ್ಯಾಮೆರಾ ಮತ್ತು ಮಾತು

ಮುಖ ಕಾಣುವ ಹಾಗೆ ಫೋಟೋ ತೆಗೆಯಬೇಡಿ. ವಿಗ್ರಹ, ಚಿತ್ರ ಮಾಡಬಾರದು ಅನ್ನುವ ಬೈಬಲ್ಲಿನ ಆಜ್ಞೆಯನ್ನು ಅವರು ಹಾಗೆ ಪಾಲಿಸುತ್ತಾರೆ. ದೂರದಿಂದ ಹೊಲ, ಕೊಟ್ಟಿಗೆ, ಹಿಂದಿನಿಂದ ಗಾಡಿ, ಇಷ್ಟು ಸಾಕು. ಶಾಲೆಯ ಮುಂದೆ ಕಾರು ನಿಲ್ಲಿಸುವುದು, ಮಕ್ಕಳನ್ನು ಕರೆದು ಸೆಲ್ಫಿ ಕೇಳುವುದು, ಡ್ರೋನ್ ಹಾರಿಸುವುದು ಬೇಡವೇ ಬೇಡ. ನಿಮ್ಮ ಕಾರು ಕಂಡ ಕೂಡಲೇ ಯಾರಾದರೂ ಟೋಪಿ ಕೆಳಗೆ ಎಳೆದುಕೊಂಡರೆ, ಮುಖ ತಿರುಗಿಸಿದರೆ, ಫೋನು ಒಳಗಿಡಿ. ಕಟ್ಟಿದ ಕುದುರೆಯ ಮೂತಿ ಸವರಲೂ ಹೋಗಬೇಡಿ, ಕಚ್ಚುತ್ತದೆ.

ಮಾತಾಡಿಸಬೇಕು ಅನ್ನಿಸಿದರೆ ಏನಾದರೂ ಕೊಂಡು ಮಾತಾಡಿಸಿ. ಮನೆಯಲ್ಲಿ ಅವರದು ಪೆನ್ಸಿಲ್ವೇನಿಯಾ ಡಚ್ ಅನ್ನುವ ಜರ್ಮನ್ ನುಡಿ, ನಮ್ಮೊಡನೆ ಚೆನ್ನಾಗಿ ಇಂಗ್ಲಿಷ್ ಮಾತಾಡುತ್ತಾರೆ. "ನಿಮಗೆ ಕರೆಂಟ್ ಇಲ್ದೆ ಹೇಗೆ?" ಅಂತ ಶುರು ಮಾಡಬೇಡಿ, ಅವರು ಅದನ್ನು ಕೇಳಿ ಕೇಳಿ ಸಾಕಾಗಿದ್ದಾರೆ. ಮಳೆ, ಬೆಳೆ ಬಗ್ಗೆ ಕೇಳಿ. ಆಮಿಶ್ ಅಲ್ಲದವರನ್ನೆಲ್ಲ ಅವರು "ಇಂಗ್ಲಿಷ್" ಅನ್ನುತ್ತಾರೆ. ಸೀರೆ ಉಟ್ಟು, ಕುಂಕುಮ ಇಟ್ಟುಕೊಂಡು ನಿಂತಿದ್ದ ನಮ್ಮ ಅತ್ತೆಯೂ ಅವತ್ತು ಅಲ್ಲಿ ಇಂಗ್ಲಿಷ್ ಹೆಂಗಸೇ.

ಹಂತ 12: ವಾಪಸ್ ಬರುವಾಗ

ಶನಿವಾರ ಮಧ್ಯಾಹ್ನ ಮೂರರೊಳಗೆ ಕೊಳ್ಳುವುದು ಮುಗಿಸಿ. ಮಾರ್ಕೆಟ್ ಆ ಹೊತ್ತಿಗೆ ಮುಚ್ಚಿರುತ್ತದೆ, ಮೇಜುಗಳು ಖಾಲಿಯಾಗುತ್ತಿರುತ್ತವೆ. ಪೈ ಡಬ್ಬಿಯನ್ನು ಸೀಟಿನ ಮೇಲೆ ಇಡಬೇಡಿ, ಮೊದಲ ಬ್ರೇಕಿಗೇ ಜಾರುತ್ತದೆ. ಕಾಲಿಡುವ ಜಾಗದಲ್ಲಿ ಇಡಿ. ಕೌದಿಯನ್ನು ಪ್ಲಾಸ್ಟಿಕ್ ಚೀಲದಲ್ಲಿ ತಿಂಗಳುಗಟ್ಟಲೆ ಬಿಡಬೇಡಿ, ಹಳೆ ಹತ್ತಿ ಬೆಡ್‌ಶೀಟಿನಲ್ಲಿ ಸುತ್ತಿಡಿ. ಎರಡು ತಿಂಗಳಿಗೊಮ್ಮೆ ಮಡಿಕೆ ಬದಲಿಸಿ, ಇಲ್ಲದಿದ್ದರೆ ಗೆರೆ ಕೂರುತ್ತದೆ. ಬೂಟಿನ ಕೆಸರನ್ನು ಒಣಗಲು ಬಿಟ್ಟು ಮರುದಿನ ಬಡಿದು ಉದುರಿಸಿ. ಹಸಿ ಇರುವಾಗ ಬಾತ್‌ರೂಮಿನಲ್ಲಿ ತೊಳೆಯಲು ಹೋದರೆ ಆ ಜೇಡಿಮಣ್ಣು ಪೈಪಿನಲ್ಲಿ ಕಟ್ಟಿಕೊಳ್ಳುತ್ತದೆ. ಪ್ಲಂಬರ್ ತೆಗೆದುಕೊಂಡಿದ್ದು ನನ್ನ ನಾಲ್ಕು ಕುರ್ಚಿಗಿಂತ ಜಾಸ್ತಿ.